ಕೇಳಿ, ಹೇಳ್ತೀವಿ: ಬಾದಾಮಿ ಗೆದ್ದ ಸೇನಾಪತಿ, ದೇವರನ್ನ ಬೈದ ನಂಬಿಯಣ್ಣ, ಮತ್ತೆ ತಿರುಪ್ಪಾವೈ

ಧನುರ್ಮಾಸ ಹತ್ರ ಬಂತು ಅಂದ್ರೆ ತಿರುಪ್ಪಾವೈ ಬಗ್ಗೆ ಪತ್ರ ಬರೋದು ಮಾಮೂಲು, ಈ ಸಲ ಅದರ ಜೊತೆಗೆ ನಾಯನ್ಮಾರರು, ಜಾತಿ, ಜೈನರ ಜಗಳ ಎಲ್ಲಾ ಸೇರ್ಕೊಂಡು ಬಂದಿದೆ. ಒಂದೇ ತರದ ಪ್ರಶ್ನೆಗಳನ್ನ ಒಟ್ಟು ಮಾಡಿದೀನಿ, ಹಾಗಾಗಿ ನಿಮ್ಮ ಮಾತು ಹಾಗ್ಹಾಗೇ ಬಂದಿಲ್ಲ ಅಂತ ಬೇಜಾರು ಮಾಡ್ಕೋಬೇಡಿ.

ಆಳ್ವಾರರು ಯಾರು, ನಾಯನ್ಮಾರರು ಯಾರು? 12, 63 ಅನ್ನೋ ಲೆಕ್ಕ ಹಾಕಿದ್ದು ಯಾರು? (ತುಮಕೂರಿನ ಒಬ್ಬ ವಿದ್ಯಾರ್ಥಿನಿ)

ವಿಷ್ಣು ಭಕ್ತರು ಆಳ್ವಾರರು, 12 ಜನ. ಶಿವಭಕ್ತರು ನಾಯನ್ಮಾರರು, 63 ಜನ. ಬಹುತೇಕ ಎಲ್ಲರೂ 6ರಿಂದ 9ನೇ ಶತಮಾನದ ಒಳಗಿನವರು, ಅಂದ್ರೆ ತಮಿಳುನಾಡಲ್ಲಿ ಪಲ್ಲವರು ಪಾಂಡ್ಯರು ಆಳ್ತಿದ್ದ ಕಾಲ. ಒಂದು ವ್ಯತ್ಯಾಸ ಎಷ್ಟೋ ಜನ ಗಮನಿಸಲ್ಲ. ಆಳ್ವಾರರು ಹನ್ನೆರಡು ಜನಾನೂ ಕವಿಗಳು, ಅವರ ಹಾಡೆಲ್ಲ ಸೇರಿ ನಾಲಾಯಿರ ದಿವ್ಯಪ್ರಬಂಧ, ಸುಮಾರು 4000 ಪದ್ಯ. ನಾಯನ್ಮಾರರಲ್ಲಿ ಹಾಡು ಕಟ್ಟಿದವರು ಬೆರಳೆಣಿಕೆ ಜನ, ಉಳಿದೋರು ಕುಂಬಾರ, ಬೇಡ, ಅಗಸ, ಮೀನುಗಾರ, ರಾಜ, ರಾಣಿ, ಅವರವರ ಭಕ್ತಿಗೆ ಹೆಸರಾದವರು ಅಷ್ಟೇ.

63ರ ಲೆಕ್ಕ ಶುರುವಾಗಿದ್ದು ಸುಂದರಮೂರ್ತಿಯಿಂದ. ತಿರುವಾರೂರಿನ ಗುಡೀಲಿ ಅವನು "ಇವರ ಅಡಿಯಾಳು ನಾನು, ಅವರ ಅಡಿಯಾಳು ನಾನು" ಅಂತ ಒಂದು ಹಾಡು ಹೇಳ್ತಾನೆ, ಅದರಲ್ಲಿ 60 ಜನರ ಹೆಸರಿದೆ, ಕೊನೇಲಿ ತನ್ನ ಅಪ್ಪ ಅಮ್ಮನ ಹೆಸರು ಹೇಳಿ ತಾನು ಅವರ ಮಗ ಅಂತಾನೆ. ಆಮೇಲೆ ಬಂದ ನಂಬಿಯಾಂಡಾರ್ ನಂಬಿ ಈ ಮೂರೂ ಜನರನ್ನ ಸೇರಿಸಿ 63 ಮಾಡಿದ, 12ನೇ ಶತಮಾನದಲ್ಲಿ ಸೇಕ್ಕಿಳಾರ್ ಅದನ್ನೇ ಹಿಗ್ಗಿಸಿ ಪೆರಿಯಪುರಾಣ ಬರೆದ. ಪರೀಕ್ಷೇಲಿ ಕೇಳಿದ್ರೆ ಹುಷಾರು, ತಿರುವಾಚಕ ಬರೆದ ಮಾಣಿಕ್ಯವಾಚಕರು ಇಷ್ಟು ದೊಡ್ಡ ಕವಿ ಆದ್ರೂ ಈ 63ರಲ್ಲಿ ಇಲ್ಲ.

ಬಸವಣ್ಣನವರ ವಚನದಲ್ಲಿ ಬರೋ ಸಿರಿಯಾಳ ತಮಿಳಿನವನಂತೆ, ನಿಜಾನಾ? (ಬಾಗಲಕೋಟೆ ಕಡೆಯ ಓದುಗರು)

ನಿಜ, ಮತ್ತೆ ನಿಮ್ಮ ಜಿಲ್ಲೆಗೂ ಅವನಿಗೂ ಹಳೇ ಲೆಕ್ಕ ಇದೆ.

ಸಿರಿಯಾಳನನ್ನ ಸೆಟ್ಟಿ ಅನ್ನಲಾ, ಮಾಚಯ್ಯನನ್ನ ಮಡಿವಾಳ ಅನ್ನಲಾ, ಹಾಗಿದ್ಮೇಲೆ ನಾನು ಹಾರುವ ಅಂದ್ಕೊಂಡ್ರೆ ಕೂಡಲಸಂಗಯ್ಯ ನಗಲ್ವಾ ಅಂತ ಬಸವಣ್ಣ ಕೇಳ್ತಾರಲ್ಲ, ಆ ಸಿರಿಯಾಳ ತಮಿಳಲ್ಲಿ ಶಿರುತ್ತೊಂಡರ್, ಮೊದಲ ಹೆಸರು ಪರಂಜ್ಯೋತಿ, 63ರಲ್ಲಿ ಒಬ್ಬ. ಪೆರಿಯಪುರಾಣದಲ್ಲಿ ಅವನು ಸೆಟ್ಟಿ ಅಲ್ಲವೇ ಅಲ್ಲ, ಸೇನಾಪತಿ. ಆನೆ ಮೇಲೆ ಕೂತು ಹೋಗಿ ವಾತಾಪಿಯನ್ನ ಧೂಳು ಮಾಡಿ ಅಲ್ಲಿನ ರತ್ನ, ಆನೆ, ಕುದುರೆ ಎಲ್ಲಾ ತಂದು ರಾಜನ ಮುಂದೆ ಸುರೀತಾನೆ. ವಾತಾಪಿ ಅಂದ್ರೆ ಬಾದಾಮಿ. ಪಲ್ಲವರ ಒಂದನೇ ನರಸಿಂಹವರ್ಮ 642ರಲ್ಲಿ ಇಮ್ಮಡಿ ಪುಲಕೇಶಿಯ ರಾಜಧಾನಿ ಹಿಡಿದಿದ್ದು ಇತಿಹಾಸ, ಬಾದಾಮಿ ಬಂಡೆ ಮೇಲೆ ಅವನ ಶಾಸನ ಈಗಲೂ ಇದೆ. ಪುರಾಣದಲ್ಲಿರೋದು ಇದೇ ಯುದ್ಧ ಅಂತ ಇತಿಹಾಸಕಾರರು ಹೊಂದಿಸ್ತಾರೆ.

ಆಮೇಲೆ ರಾಜನಿಗೆ ಇವನು ಶಿವಭಕ್ತ ಅಂತ ಗೊತ್ತಾಗತ್ತೆ, ಅಯ್ಯೋ ಇಂಥೋನನ್ನ ಯುದ್ಧಕ್ಕೆ ಕಳಿಸಿದ್ನಲ್ಲ ಅಂತ ನೊಂದ್ಕೊಂಡು, ದುಡ್ಡು ಕೊಟ್ಟು, ಕೆಲಸದಿಂದ ಬಿಟ್ಟು ಊರಿಗೆ ಕಳಿಸ್ತಾನೆ. ಊರು ಕಾವೇರಿ ಬಯಲಿನ ತಿರುಚ್ಚೆಂಗಾಟ್ಟಂಗುಡಿ. ಅಲ್ಲಿ ಒಬ್ಬ ಭೈರವ ಸನ್ಯಾಸಿ ಬಂದು ನಿನ್ನ ಮಗನನ್ನೇ ಅಡಿಗೆ ಮಾಡಿ ಬಡಿಸು ಅನ್ನೋ ಕಥೆ ನಿಮಗೆ ಗೊತ್ತು, ಬಡಿಸಿದ ಮೇಲೆ ಮಗನನ್ನೂ ಊಟಕ್ಕೆ ಕರಿ ಅಂತಾನೆ, ಕರೆದ್ರೆ ಹುಡುಗ ಓಡ್ಕೊಂಡು ಬರ್ತಾನೆ.

ಕನ್ನಡಕ್ಕೆ ಬರುವಾಗ ಮಗನ ಕಥೆ ಹಾಗೇ ಬಂತು, ಯುದ್ಧ ಉದುರಿಹೋಯ್ತು. ನಮ್ಮಲ್ಲಿ ಅವನು ಕಂಚಿಯ ವ್ಯಾಪಾರಿ. ಬಾದಾಮಿ ಸುಟ್ಟವನನ್ನ ಶರಣ ಅಂತ ಕೈಮುಗಿಯೋಕೆ ಇಲ್ಲಿನೋರಿಗೆ ಕಷ್ಟ ಆಯ್ತು, ಅದಕ್ಕೇ ಕತ್ತಿ ಕಿತ್ಕೊಂಡು ತಕ್ಕಡಿ ಕೊಟ್ರು ಅಂತ ನಂಗೆ ಅನ್ನಿಸತ್ತೆ, ಇದು ನನ್ನ ಊಹೆ ಅಷ್ಟೇ, ಶಾಸನ ತೋರಿಸಿ ಅಂತ ಕೇಳ್ಬೇಡಿ. ಆ ಸೇನಾಪತಿ ಬಾದಾಮಿಯಿಂದ ಗಣಪತಿ ವಿಗ್ರಹ ತಗೊಂಡು ಹೋದ, ಮುತ್ತುಸ್ವಾಮಿ ದೀಕ್ಷಿತರ "ವಾತಾಪಿ ಗಣಪತಿಂ" ಕೃತಿ ಅದರ ಮೇಲೇ ಅಂತ ಒಂದು ಮಾತಿದೆ, ಅದು ಜನ ಹೇಳೋ ಕಥೆ, ಪೆರಿಯಪುರಾಣ ಲೂಟಿ ಮಾಲಿನ ಪಟ್ಟಿ ಕೊಟ್ರೂ ಅದರಲ್ಲಿ ಗಣಪತಿ ಇಲ್ಲ.

ಬರೀ ಸಿರಿಯಾಳ ಅಲ್ಲ, ಪೂರ್ತಿ ಗುಂಪೇ ಕನ್ನಡಕ್ಕೆ ಬಂದಿದೆ, "ಅರವತ್ತುಮೂವರು ಪುರಾತನರು" ಅನ್ನೋದು ಇವರನ್ನೇ. ಹರಿಹರ ಇವರ ಮೇಲೆ ರಗಳೆ ಬರೆದ, ನಂಜನಗೂಡಿನ ಶ್ರೀಕಂಠೇಶ್ವರ ಗುಡೀಲಿ ಇವರ ವಿಗ್ರಹ ಸಾಲಾಗಿ ನಿಂತಿದಾವೆ, 1954ರಲ್ಲಿ ರಾಜ್‌ಕುಮಾರ್ ಹೀರೋ ಆಗಿ ಬಂದ ಮೊದಲ ಚಿತ್ರ ಇವರಲ್ಲೊಬ್ಬನ ಕಥೆ, ಬೇಡರ ಕಣ್ಣಪ್ಪ. ಇಷ್ಟೆಲ್ಲಾ ಆದ್ಮೇಲೂ ಇವರು ತಮಿಳರ ಸಂತರು, ನಮಗೇನು ಸಂಬಂಧ ಅಂತ ಒಬ್ಬರು ಪತ್ರ ಬರೆದಿದಾರೆ, ಅವರಿಗೂ ಇದೇ ಉತ್ತರ.

ನಮ್ಮಜ್ಜಿ ನಂಬಿಯಣ್ಣ ಶಿವನನ್ನೇ ಬಯ್ತಿದ್ದ ಅಂತ ಕಥೆ ಹೇಳ್ತಿದ್ರು. ಭಕ್ತನಾದವನು ದೇವರನ್ನ ಬೈಯೋದಾ? (ಗದಗದಿಂದ)

ಬೈದಿದಾನೆ, ಚೆನ್ನಾಗೇ ಬೈದಿದಾನೆ, ದೇವರೂ ಬೈಸ್ಕೊಂಡಿದಾನೆ. ನಿಮ್ಮಜ್ಜಿ ಹೇಳಿದ ನಂಬಿಯಣ್ಣ ಮೇಲೆ ಹೇಳಿದ ಸುಂದರಮೂರ್ತೀನೇ, ಹರಿಹರನ ನಂಬಿಯಣ್ಣನ ರಗಳೆ ಅವನ ಕಥೆ.

ಶುರುವಾಗೋದೇ ಜಗಳದಿಂದ. ಪುತ್ತೂರಲ್ಲಿ (ನಮ್ಮ ದಕ್ಷಿಣ ಕನ್ನಡದ್ದಲ್ಲ, ತಮಿಳುನಾಡಿನದು) ಇವನ ಮದುವೆ ಚಪ್ಪರ, ಇನ್ನೇನು ಶಾಸ್ತ್ರ ಶುರು ಅನ್ನೋವಾಗ ಒಬ್ಬ ಮುದುಕ ಕೋಲೂರ್ಕೊಂಡು ಬಂದು ಇವನು ನನ್ನ ಜೀತದಾಳು, ಇವನ ತಾತ ಬರ್ಕೊಟ್ಟಿದಾನೆ ಅಂತ ಓಲೆ ತೋರಿಸ್ತಾನೆ. ಸುಂದರನಿಗೆ ಸಿಟ್ಟು ಬಂದು ನಿಂಗೇನು ಹುಚ್ಚಾ ಅಂತ ಓಲೆ ಕಿತ್ಕೊಂಡು ಹರಿದೇಬಿಡ್ತಾನೆ. ಮುದುಕ ಕಿಲಾಡಿ, ಹರಿದಿದ್ದು ನಕಲು, ಅಸಲಿ ತಿರುವೆಣ್ಣೈನಲ್ಲೂರಲ್ಲಿದೆ ಅಂತಾನೆ! ಅಲ್ಲಿ ಪಂಚಾಯ್ತಿ ಕೂರತ್ತೆ, ತಾತ ಬರೆದ ಬೇರೆ ಓಲೆ ತರಿಸಿ ಕೈಬರಹ ಹೋಲಿಸ್ತಾರೆ, ಸರಿಹೋಗತ್ತೆ, ಸುಂದರ ಸೋಲ್ತಾನೆ. ಸರಿ ನಿನ್ನ ಮನೆ ತೋರ್ಸಪ್ಪ ಅಂದ್ರೆ ಮುದುಕ ಸೀದಾ ಶಿವನ ಗುಡಿ ಒಳಗೆ ಹೋಗಿ ಮಾಯ ಆಗ್ತಾನೆ. ಆಮೇಲೆ, ನನ್ನನ್ನ ಹುಚ್ಚ ಅಂದ್ಯಲ್ಲ, ಅಲ್ಲಿಂದಲೇ ಹಾಡು ಶುರು ಮಾಡು ಅಂತ ಅಪ್ಪಣೆ ಆಗತ್ತೆ, ಅವನ ಮೊದಲ ಹಾಡಿನ ಮೊದಲ ಮಾತೇ "ಪಿತ್ತಾ".

ಮುಂದೆ ತಿರುವಾರೂರಲ್ಲಿ ಪರವೈಯನ್ನ ಮದುವೆ ಆಗ್ತಾನೆ, ಅದು ಸಾಲದು ಅಂತ ತಿರುವೊಟ್ರಿಯೂರಲ್ಲಿ ಸಂಗಿಲಿ ಮೇಲೆ ಮನಸ್ಸಾಗತ್ತೆ. ನಿನ್ನ ಬಿಟ್ಟು ಹೋಗಲ್ಲ ಅಂತ ಆಣೆ ಮಾಡ್ಬೇಕು. ಇವನೋ ಆಣೆ ಮುರಿಯೋ ಲೆಕ್ಕಾಚಾರದಲ್ಲೇ ಇದ್ದ, ಅದಕ್ಕೆ ಶಿವನ ಹತ್ರ ಹೋಗಿ, ನಾನು ಗರ್ಭಗುಡಿ ಮುಂದೆ ಆಣೆ ಮಾಡೋವಾಗ ನೀನು ಸ್ವಲ್ಪ ಹೊತ್ತು ಹೊರಗಿನ ಬಕುಳದ ಮರದ ಕೆಳಗೆ ಹೋಗಿ ಕೂತಿರು ಅಂತ ಕೇಳ್ಕೋತಾನೆ. ಶಿವ ಆಯ್ತು ಅಂತಾನೆ. ಅಂದವನು ರಾತ್ರಿ ಸಂಗಿಲಿ ಕನಸಲ್ಲಿ ಹೋಗಿ, ಗುಡಿ ಒಳಗೆ ಬೇಡ, ಮರದ ಕೆಳಗೆ ಆಣೆ ಹಾಕಿಸ್ಕೋ ಅಂತ ಹೇಳ್ಕೊಡ್ತಾನೆ. ಸಿಕ್ಕಿಬಿದ್ದ ಸುಂದರ ಮರದ ಕೆಳಗೇ ಆಣೆ ಮಾಡ್ತಾನೆ, ವಸಂತ ಬಂದಾಗ ತಿರುವಾರೂರು ನೆನಪಾಗಿ ಹೊರಡ್ತಾನೆ, ಊರ ಗಡಿ ದಾಟ್ತಿದ್ದ ಹಾಗೆ ಎರಡೂ ಕಣ್ಣು ಹೋಗತ್ತೆ.

ಒಂದು ಕಣ್ಣು ಕಂಚಿಯಲ್ಲಿ ವಾಪಸ್ ಬರತ್ತೆ. ಇನ್ನೊಂದಕ್ಕೆ ತಿರುವಾರೂರಲ್ಲಿ ಕೇಳೋ ಹಾಡು ಇದೆಯಲ್ಲ, ಅದು ಬೇಡಿಕೊಳ್ಳೋ ತರ ಇಲ್ಲ. ನಿಮಗೇ ಆಳಾಗಿರೋರು ಒಳಗಿನ ಬೇಗೆ ತಡೀಲಾರದೆ ಕಷ್ಟ ಹೇಳ್ಕೊಂಡ್ರೂ ನೀವು ಸುಮ್ನೆ ಇರ್ತೀರಾ, ಆಗಲಿ, ನೀವು ಚೆನ್ನಾಗಿ ಬಾಳಿ ಸ್ವಾಮಿ! ಪ್ರತಿ ಪದ್ಯದ ಕೊನೆಗೂ ಇದೇ, ಬಾಳಿ, ಚೆನ್ನಾಗಿ ಬಾಳಿ. ನಮ್ಮನೆಗಳಲ್ಲಿ ಹೆಂಗಸರು ಸಿಟ್ಟು ತಡ್ಕೊಳ್ಳಕ್ಕಾಗದೆ ನೀವು ಸುಖವಾಗಿರಿ ಬಿಡಿ ಅಂತಾರಲ್ಲ ಅದೇ ದನಿ. ಕಣ್ಣು ಬಂತು. ಅಷ್ಟಾದ್ರೂ ಪರವೈ ಬಾಗಿಲು ತೆಗೀಲಿಲ್ಲ, ಆಗ ಅರ್ಧರಾತ್ರಿ ಶಿವನೇ ಅವಳ ಮನೆಗೆ ಸಂಧಾನಕ್ಕೆ ನಡೀತಾನೆ, ಅರ್ಚಕನ ವೇಷದಲ್ಲಿ ಹೋದಾಗ ಅವಳು ಒಪ್ಪಲ್ಲ, ಎರಡನೇ ಸಲ ನಿಜರೂಪದಲ್ಲೇ ಹೋಗ್ಬೇಕಾಗತ್ತೆ.

ಇಂಥ ಕಥೆಗಳನ್ನ ಪ್ರವಚನದಲ್ಲಿ ಬೇಗ ದಾಟಿಸಿ ಪವಾಡಕ್ಕೆ ಹೋಗ್ಬಿಡ್ತಾರೆ, ನಂಗದು ಇಷ್ಟ ಆಗಲ್ಲ. ಈ ಸಂತರ ಜೀವ ಇರೋದೇ ಈ ಸಲಿಗೆಯಲ್ಲಿ.

ತಿರುಪ್ಪಾವೈ ಹೇಳೋ ಮನೆಯವರು ನಾವು, ಆದ್ರೆ ಅರ್ಥ ಗೊತ್ತಿಲ್ಲ. ಆಂಡಾಳ್ ಬಿಟ್ರೆ ಬೇರೆ ಹೆಂಗಸರು ಇಲ್ವಾ? (ಮೈಸೂರಿನ ಗೃಹಿಣಿ)

ಅರ್ಥ ಕಷ್ಟ ಏನಿಲ್ಲ ತಾಯಿ. ಆಂಡಾಳ್ ಬರೆದ 30 ಹಾಡು, ದಿನಕ್ಕೊಂದು. ಊರಿನ ಹುಡುಗೀರು ಬೆಳಗಿನ ಜಾವ ಎದ್ದು ವ್ರತಕ್ಕೆ ಹೊರಡ್ತಾರೆ, ತುಪ್ಪ ತಿನ್ನಲ್ಲ, ಹಾಲು ಕುಡಿಯಲ್ಲ, ಕಣ್ಣಿಗೆ ಕಾಡಿಗೆ ಇಲ್ಲ, ತಲೆಗೆ ಹೂವಿಲ್ಲ. ಇನ್ನೂ ಮಲಗಿರೋ ಗೆಳತೀರನ್ನ ಮನೆಮನೆಗೆ ಹೋಗಿ ಎಬ್ಬಿಸ್ತಾರೆ, ರೇಗಿಸ್ತಾರೆ, ಒಬ್ಬಳಿಗಂತೂ ನಿನ್ನ ನಿದ್ದೆ ಕುಂಭಕರ್ಣನಿಂದ ಬಂದಿದ್ದಾ ಅಂತ ಕೇಳ್ತಾರೆ. ಕೊನೆಗೆ ಕೃಷ್ಣನನ್ನೇ ಎಬ್ಬಿಸ್ತಾರೆ. 27ನೇ ಹಾಡಲ್ಲಿ ವ್ರತ ಮುಗಿದು ಒಡವೆ ಹಾಕ್ಕೊಂಡು, ಹಾಲನ್ನ ಮುಚ್ಚೋಷ್ಟು ತುಪ್ಪ ಸುರಿದು, ಮೊಣಕೈವರೆಗೂ ಇಳಿಯೋ ಹಾಗೆ ಎಲ್ಲರೂ ಕೂತು ಉಣ್ತಾರೆ, ಆ ದಿನ ನೀವು ಮಾಡೋ ಸಿಹಿ ಅನ್ನ, ಅಕ್ಕಾರ ಅಡಿಸಿಲ್, ಇದರದ್ದೇ. ತಿರುಮಲೆಯಲ್ಲೂ ಈ ತಿಂಗಳು ಸುಪ್ರಭಾತ ನಿಲ್ಲಿಸಿ ತಿರುಪ್ಪಾವೈ ಹೇಳ್ತಾರೆ.

ಆದ್ರೆ ಆಂಡಾಳ್ ಇಷ್ಟಕ್ಕೇ ಮುಗಿಯಲ್ಲ. ಅವಳ ಇನ್ನೊಂದು ಕೃತಿ ನಾಚ್ಚಿಯಾರ್ ತಿರುಮೊಳಿ, 143 ಪದ್ಯ, ಅದರಲ್ಲಿ ಮನುಷ್ಯರಿಗೆ ಕೊಟ್ಟು ಮದುವೆ ಮಾಡ್ತೀವಿ ಅಂದ್ರೆ ನಾನು ಬದುಕಲ್ಲ ಅಂತಾಳೆ, ಕೃಷ್ಣನ ಶಂಖವನ್ನ ಹಿಡಿದು, ಅವನ ಬಾಯಿ ಕರ್ಪೂರದ ವಾಸನೇನಾ ತಾವರೆ ವಾಸನೇನಾ, ನಿಂಗೆ ಗೊತ್ತಲ್ಲ ಹೇಳು ಅಂತ ಹೊಟ್ಟೆಕಿಚ್ಚಲ್ಲಿ ಕೇಳ್ತಾಳೆ. ಸಾವಿರ ಆನೆ ಜೊತೆ ಬಂದು ಕೈ ಹಿಡಿದ ಹಾಗೆ ಕನಸು ಕಂಡೆ ಅನ್ನೋ ಹತ್ತು ಪದ್ಯ ಮಾತ್ರ ಮದುವೆ ಮನೇಲಿ ಹೇಳ್ತಾರೆ, ಉಳಿದಿದ್ದನ್ನ ಮನೇಲಿ ಹೇಳೋದು ಕಮ್ಮಿ, ಯಾಕೆ ಅಂತ ಓದಿದ್ರೆ ಗೊತ್ತಾಗತ್ತೆ.

ಆಳ್ವಾರರಲ್ಲಿ ಹೆಣ್ಣು ಅವಳೊಬ್ಬಳೇ. ನಾಯನ್ಮಾರರಲ್ಲಿ ಮೂರು ಜನ, ಪಾಂಡ್ಯರ ರಾಣಿ ಮಂಗೈಯರ್ಕ್ಕರಸಿ, ಸುಂದರನ ತಾಯಿ, ಮತ್ತೆ ಕಾರೈಕ್ಕಾಲ್ ಅಮ್ಮೈಯಾರ್. ಕವಿ ಅಂದ್ರೆ ಈ ಕೊನೆಯವಳೇ, ತಮಿಳು ಶಿವಭಕ್ತಿ ಹಾಡಿಗೆ ಮೊದಲಿಗರಲ್ಲಿ ಒಬ್ಬಳು. ಹೆಸರು ಪುನೀತವತಿ, ಗಂಡ ವರ್ತಕ. ಅವನು ಕಳಿಸಿದ ಎರಡು ಮಾವಿನಹಣ್ಣಲ್ಲಿ ಒಂದನ್ನ ಹಸಿದು ಬಂದ ಭಕ್ತನಿಗೆ ಕೊಡ್ತಾಳೆ, ಮಧ್ಯಾಹ್ನ ಗಂಡ ಒಂದು ತಿಂದು ಇನ್ನೊಂದು ತಾ ಅಂತಾನೆ, ಅವಳು ಬೇಡ್ಕೊಂಡಾಗ ಕೈಗೆ ಹಣ್ಣು ಬರತ್ತೆ, ಅದರ ರುಚಿ ನೋಡಿ ಇದೆಲ್ಲಿಂದ ಬಂತು ಅಂತ ಕೇಳ್ತಾನೆ, ನಿಜ ಹೇಳಿದ್ರೆ ನಂಬದೆ ಹಾಗಾದ್ರೆ ಇನ್ನೊಂದು ತರ್ಸು ಅಂತಾನೆ, ಬಂದಿದ್ದು ಅವನ ಕೈಗೆ ಹೋಗ್ತಿದ್ದ ಹಾಗೆ ಮಾಯ. ಅವನು ಹೆದರಿ ಹಡಗು ಹತ್ತಿ ಹೋದವನು ವಾಪಸ್ ಬರಲ್ಲ, ಬೇರೆ ಕಡೆ ಮದುವೆ ಆಗಿ ಮಗಳಿಗೆ ಇವಳದೇ ಹೆಸರಿಡ್ತಾನೆ. ನೆಂಟರು ಇವಳನ್ನ ಕರ್ಕೊಂಡು ಹೋದ್ರೆ ಹೆಂಡತಿ ಮಕ್ಕಳ ಸಮೇತ ಕಾಲಿಗೆ ಬೀಳ್ತಾನೆ. ಆಗ ಅವಳು, ಇವನಿಗೋಸ್ಕರ ಹೊತ್ತಿದ್ದ ಈ ಚೆಲುವು ಇನ್ನು ಯಾಕೆ, ತಗೋ ಅಂತ ಮೈಯ ಮಾಂಸ ಉದುರಿಸಿ ಪೇಯ್ ರೂಪ, ಅಂದ್ರೆ ಪಿಶಾಚಿ ರೂಪ ಬೇಡ್ತಾಳೆ. ಚೋಳರ ಕಂಚಿನ ವಿಗ್ರಹಗಳಲ್ಲಿ ಪಕ್ಕೆಲುಬು ಕಾಣೋ ಹಾಗೆ ಬತ್ತಿಹೋದ ಹೆಂಗಸೊಬ್ಬಳು ತಾಳ ಹಿಡಿದು ಕೂತಿರ್ತಾಳಲ್ಲ, ಅವಳೇ. ಕಾರೈಕಾಲ್ ಊರಲ್ಲಿ ಈಗಲೂ ತಮಿಳರ ಆನಿ ತಿಂಗಳಲ್ಲಿ (ಜೂನ್-ಜುಲೈ) ಮಾವಿನಹಣ್ಣಿನ ಉತ್ಸವ ಆಗತ್ತೆ, ಮೆರವಣಿಗೆ ಹೋಗೋವಾಗ ಮಹಡಿ ಮೇಲಿಂದ ಹಣ್ಣು ಎಸೀತಾರೆ, ಜನ ಕಿತ್ತಾಡ್ಕೊಂಡು ಹಿಡೀತಾರೆ.

ಭಕ್ತಿ ಚಳವಳಿ ಜಾತಿ ಅಳಿಸಿ ಹಾಕ್ತು ಅಂತ ಪಾಠದಲ್ಲಿ ಇದೆ, ಅಳಿಸ್ತಾ? (ಕೋಲಾರದ ಶಿಕ್ಷಕರು)

ಅಳಿಸಿದ್ರೆ ನೀವು ಈ ಪ್ರಶ್ನೆ ಕೇಳ್ತಿರ್ಲಿಲ್ಲ ಮೇಷ್ಟ್ರೇ. ಸಂತರ ಪಟ್ಟೀಲಿ ಎಲ್ಲಾ ಜಾತಿಯವರೂ ಇದಾರೆ ಅನ್ನೋದು ನಿಜ, ಅದು ಸಣ್ಣ ವಿಷಯ ಅಲ್ಲ. ಆದ್ರೆ ಕಥೆಗಳನ್ನ ಹತ್ತಿರದಿಂದ ನೋಡಿ. ಅಸ್ಪೃಶ್ಯ ಜಾತಿಯ ನಾಯನ್ಮಾರ ನಂದನಾರ್ ತಿರುಪ್ಪುಂಗೂರಿನ ಶಿವನ ಗುಡಿಗೆ ಬರ್ತಾನೆ, ಒಳಗೆ ಬಿಡಲ್ಲ, ಹೊರಗಿಂದ ನೋಡಿದ್ರೆ ನಂದಿ ಅಡ್ಡ, ಶಿವ ನಂದೀನ ಪಕ್ಕಕ್ಕೆ ಸರಿಸ್ತಾನೆ. ಉಡುಪಿಯ ಕನಕನ ಕಿಂಡಿ ನೆನಪಾಯ್ತಲ್ವಾ? ಎರಡೂ ಕಡೆ ದೇವರು ಜರುಗಿದ, ಕಲ್ಲು ಜರುಗ್ತು, ಬಾಗಿಲಲ್ಲಿ ನಿಂತಿದ್ದ ಮನುಷ್ಯರು ಜರುಗಲಿಲ್ಲ. ಅದೇ ನಂದನಾರ್ ಚಿದಂಬರದಲ್ಲಿ ಬೆಂಕಿ ಹಾದು, ಜನಿವಾರದ ಮೈಯಲ್ಲಿ ಎದ್ದು ಬಂದ ಮೇಲೇ ಒಳಗೆ ಪ್ರವೇಶ ಅಂತ ಪೆರಿಯಪುರಾಣ ಬರೀತು. ಕೆಳಜಾತಿಯ ತಿರುಪ್ಪಾಣಾಳ್ವಾರ್ ಶ್ರೀರಂಗದ ಗುಡಿ ಒಳಗೆ ಹೋಗಿದ್ದು ಅರ್ಚಕನ ಹೆಗಲ ಮೇಲೆ, ಸ್ವಂತ ಕಾಲಲ್ಲಿ ಅಲ್ಲ. ಮದುರೆ ಮೀನಾಕ್ಷಿ ಗುಡಿಗೆ ದಲಿತರು ನಡ್ಕೊಂಡು ಒಳಗೆ ಹೋಗಿದ್ದು 1939ರಲ್ಲಿ, ಅದಕ್ಕೆ ಹೋರಾಟ ಬೇಕಾಯ್ತು, ಕಾನೂನೂ ಬೇಕಾಯ್ತು. ಮಕ್ಕಳಿಗೆ ಎರಡನ್ನೂ ಹೇಳಿ.

ಸಂಬಂಧರ್ ಮದುರೆಯಲ್ಲಿ 8000 ಜೈನರನ್ನ ಶೂಲಕ್ಕೆ ಏರಿಸಿದ್ರು ಅನ್ನೋದು ಸತ್ಯವೇ? (ಹಾಸನ ಜಿಲ್ಲೆಯ ಓದುಗರು)

63ರಲ್ಲಿ ಒಬ್ಬರಾದ ಕವಿ ಸಂಬಂಧರ್ ಇದ್ದಿದ್ದು 7ನೇ ಶತಮಾನ, ಈ ಕಥೆಯನ್ನ ವಿಸ್ತಾರವಾಗಿ ಹೇಳೋ ಪೆರಿಯಪುರಾಣ 12ನೇ ಶತಮಾನದ್ದು. ಅವರ ಹಾಡುಗಳಲ್ಲಿ ಶೂಲದ ಮಾತಿಲ್ಲ. ಅದೂ ಅಲ್ದೆ ಮದುರೆ ಸುತ್ತಿನ ಸಮಣರ ಬೆಟ್ಟ, ದಕ್ಷಿಣಕ್ಕೆ ಕಳುಗುಮಲೈ, ಇಲ್ಲೆಲ್ಲಾ ಆಮೇಲಿನ 8, 9ನೇ ಶತಮಾನದ ಜೈನ ಶಿಲ್ಪ, ಶಾಸನ ಇದೆ, ಎಲ್ಲರನ್ನೂ ಕೊಂದಿದ್ರೆ ಇವನ್ನ ಕೆತ್ತಿಸಿದ್ದು ಯಾರು? ಹಾಗಂತ ಎಲ್ಲಾ ಸೌಹಾರ್ದವಾಗಿತ್ತು ಅಂತಾನೂ ಹೇಳಕ್ಕಾಗಲ್ಲ, ಸಂಬಂಧರ ಹತ್ತು ಹನ್ನೊಂದು ಪದ್ಯದ ಹಾಡುಗಳಲ್ಲಿ ಹತ್ತನೇದು ಜೈನರನ್ನ, ಬೌದ್ಧರನ್ನ ಬೈಯೋಕೇ ಮೀಸಲು, ಅದನ್ನ ಇವತ್ತು ಓದಿದ್ರೆ ಮುಜುಗರ ಆಗತ್ತೆ. ಇನ್ನೊಬ್ಬ ದೊಡ್ಡ ಕವಿ ಅಪ್ಪರ್ ಮೊದಲು ಜೈನ ಮುನಿಯಾಗಿದ್ದವರು. ಹಾಡು ಮಧುರ ಅಂತ ಅದರೊಳಗಿನ ಜಗಳ ಮುಚ್ಚಿಡೋದು ಬೇಡ, ಜಗಳ ಇತ್ತು ಅಂತ ಕೊಲೆ ಲೆಕ್ಕ ನಂಬೋದೂ ಬೇಡ.

ಅಷ್ಟು ಹಳೇ ಹಾಡು ಉಳಿದಿದ್ದು ಹೇಗೆ? (ಬೆಂಗಳೂರಿಂದ)

ಅರ್ಧ ಕಳೆದೇ ಹೋಗಿತ್ತು ಅನ್ನತ್ತೆ ಪರಂಪರೆ. ನಾಥಮುನಿ ಅನ್ನೋರ ಊರಿಗೆ ಯಾತ್ರಿಕರು ಬಂದು ನಮ್ಮಾಳ್ವಾರರ ಹತ್ತು ಪದ್ಯ ಹಾಡಿದ್ರಂತೆ, ಕೊನೇಲಿ "ಸಾವಿರದಲ್ಲಿ ಈ ಹತ್ತು" ಅಂತಿತ್ತು, ಉಳಿದಿದ್ದು ಎಲ್ಲಿ ಅಂದ್ರೆ ಯಾರಿಗೂ ಗೊತ್ತಿಲ್ಲ. ಅವರು ಹುಡುಕ್ಕೊಂಡು ತಾಮ್ರಪರ್ಣಿ ದಡದ ನಮ್ಮಾಳ್ವಾರರ ಊರಿಗೆ ಹೋಗಿ, ಹುಣಸೆಮರದ ಕೆಳಗೆ ಅವರ ಶಿಷ್ಯ ಮಧುರಕವಿಯ ಹನ್ನೊಂದು ಪದ್ಯ 12,000 ಸಲ ಹೇಳಿದ ಮೇಲೆ ಪೂರ್ತಿ ಸಿಕ್ತು ಅಂತ ಕಥೆ. ಅಪ್ಪರ್, ಸಂಬಂಧರ್, ಸುಂದರ ಈ ಮೂವರ ಹಾಡಿನ ಸಂಗ್ರಹ ತೇವಾರ, ಅದರ ಕಥೆ ಇನ್ನೂ ಚೆಂದ, ರಾಜರಾಜ ಚೋಳ ಚಿದಂಬರಕ್ಕೆ ಬಂದ್ರೆ ಅಲ್ಲಿನ ಅರ್ಚಕರು, ಓಲೆ ಇಟ್ಟಿರೋ ಕೋಣೆ ಬಾಗಿಲು ತೆಗೀಬೇಕಂದ್ರೆ ಬರೆದ ಮೂವರೂ ಬರಬೇಕು ಅಂದ್ರಂತೆ. ಸತ್ತು ಶತಮಾನಗಳಾದೋರು! ರಾಜ ಮೂವರ ವಿಗ್ರಹ ಮೆರವಣಿಗೇಲಿ ತಂದು ನಿಲ್ಲಿಸಿದ. ಬಾಗಿಲು ತೆಗೆದ್ರೆ ಬಹಳಷ್ಟು ಗೆದ್ದಲು ತಿಂದಿತ್ತು.

ಇವು ಕಥೆ. ಕಲ್ಲಲ್ಲಿ ಇರೋದು ಅಂದ್ರೆ ತಂಜಾವೂರಿನ ದೊಡ್ಡ ಗುಡೀಲಿ ತೇವಾರ ಹಾಡೋಕೆ ಅದೇ ರಾಜರಾಜ 48 ಜನ ಹಾಡುಗಾರರನ್ನ, ಇಬ್ಬರು ವಾದ್ಯದವರನ್ನ ನೇಮಿಸಿದ ಶಾಸನ. ನಂಗನ್ಸೋದು, ಉಳಿಸಿದ್ದು ಹೀಗೆ ದಿನಾ ಹಾಡೋ ಕೆಲಸ ಇಟ್ಕೊಂಡಿದ್ದ ಜನ. ಶಿವನ ಗುಡಿಗಳಲ್ಲಿ ಅದನ್ನ ಹಾಡೋ ಓದುವಾರ್‌ಗಳು ಈಗಲೂ ಇದಾರೆ, ಶ್ರೀರಂಗ, ಶ್ರೀವಿಲ್ಲಿಪುತ್ತೂರಲ್ಲಿ ಅರಯರ್‌ಗಳು ಎತ್ತರದ ಟೋಪಿ ಹಾಕ್ಕೊಂಡು ತಾಳ ಹಿಡಿದು ಪ್ರಬಂಧ ಅಭಿನಯಿಸ್ತಾರೆ. ಉತ್ಸವದಲ್ಲಿ ನೋಡಿ, ತಮಿಳು ಪ್ರಬಂಧ ಹೇಳೋ ಗೋಷ್ಠಿ ದೇವರ ಮುಂದೆ ಹೋಗತ್ತೆ, ವೇದ ಹೇಳೋರು ಹಿಂದೆ ಬರ್ತಾರೆ.

ಇವರು ಹಾಡಿದ ಕ್ಷೇತ್ರ ಕರ್ನಾಟಕದಲ್ಲಿ ಯಾವುದಾದ್ರೂ ಇದೆಯಾ? (ಶಿರಸಿಯಿಂದ)

ನಿಮ್ಮ ಹತ್ರಾನೇ, ಗೋಕರ್ಣ. ಅಪ್ಪರ್, ಸಂಬಂಧರ್ ಇಬ್ಬರ ತೇವಾರದಲ್ಲೂ ಇದೆ. ಆಳ್ವಾರರು ಹಾಡಿದ 108 ವಿಷ್ಣು ಕ್ಷೇತ್ರಗಳಲ್ಲಿ, ಅಂದ್ರೆ ದಿವ್ಯದೇಶಗಳಲ್ಲಿ ಮಾತ್ರ ಕರ್ನಾಟಕದ್ದು ಒಂದೂ ಇಲ್ಲ, ಮೇಲುಕೋಟೆ ಕೂಡ ಆ ಪಟ್ಟೀಲಿ ಬರಲ್ಲ, ರಾಮಾನುಜರು ಇದ್ದ ಊರು ಅಂತ ಅದಕ್ಕೆ ಬೇರೆ ಗೌರವ.